ಎಡಚಕ್ರದ ಪಿಸ್ಟನ್

ನಾನು ಕಸುಬು ಕಲಿತದ್ದು ಅಕ್ಕನ ಗಂಡನ ಹತ್ತಿರ. ನಮ್ಮದು ಬರಗೂರು ಕಡೆಯ ಕುರಿ ಸಾಕುವ ಮನೆ. ಅವ್ವ ಮೊದಲೇ ಹೋಗಿದ್ದಳು. ಅಪ್ಪನೂ ತೀರಿಕೊಂಡ ಮೇಲೆ ಮಂದೆ ದೊಡ್ಡಪ್ಪನ ಮಕ್ಕಳ ಪಾಲಾಯಿತು. ನಾನು ಒಂದು ಚೀಲ ಹೆಗಲಿಗೆ ಹಾಕಿಕೊಂಡು ಶಿರಾಕ್ಕೆ ನಡೆದು, ಅಲ್ಲಿಂದ ಬಸ್ಸು ಹತ್ತಿ ಮಧುಗಿರಿಯಲ್ಲಿ ಅಕ್ಕನ ಮನೆ ಬಾಗಿಲಲ್ಲಿ ನಿಂತೆ. ಅಕ್ಕ ಅತ್ತಳು. ಭಾವ ಮಾತ್ರ ನನ್ನ ಚೀಲ ತೆಗೆದು ಒಳಗಿಟ್ಟು, "ಉಂಡು ಮಲಿಕ್ಕ. ಬೆಳಗ್ಗೆ ಶೆಡ್ಡಿಗೆ ಬಾ" ಅಂದ. ಅಷ್ಟೇ. ಆ ಮನೆಯಲ್ಲಿ ನಾನು ಎಷ್ಟು ದಿನ ಇರುತ್ತೇನೆ ಅಂತ ಅವನು ಯಾವತ್ತೂ ಕೇಳಲಿಲ್ಲ.

ಶೆಡ್ಡು ಇದ್ದದ್ದು ಪಾವಗಡದ ರಸ್ತೆಯಲ್ಲಿ, ಊರು ಮುಗಿಯುವ ಕಡೆ. ತಗಡಿನ ಚಾವಣಿ, ಗಾಡಿಯ ಅಡಿಗೆ ಇಳಿಯಲು ನೆಲದಲ್ಲಿ ಒಂದು ಗುಂಡಿ, ಬೇವಿನ ಮರದ ಕೆಳಗೆ ಒಂದು ಬೆಂಚು. ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ಓಡುತ್ತಿದ್ದುದು ಅಂಬಾಸಿಡರು, ಜೀಪು, ಅಪರೂಪಕ್ಕೊಂದು ಫಿಯೆಟ್ಟು. ಭಾವ ಅವುಗಳ ಬ್ರೇಕು ಬಿಚ್ಚುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಕಣ್ಣಿಗೆ ಕಾಣದ ಜಾಗಕ್ಕೆ ಬೆರಳು ತೂರಿಸಿ, "ಇಲ್ಲಿ ಕೂದಲೆಳೆ ಬಿರುಕೈತೆ ನೋಡು" ಅನ್ನುತ್ತಿದ್ದ. ಬಿಚ್ಚಿ ಬೆಳಕಿಗೆ ಹಿಡಿದರೆ ಬಿರುಕು ಇರುತ್ತಿತ್ತು. ಕೆಲಸ ಮಾತ್ರ ನಿಧಾನ. ಯಾರು ಎಷ್ಟೇ ಗದರಿದರೂ ಸಂಜೆಗೆ ಕೊಡುತ್ತೇನೆ ಅಂತ ಬಾಯಲ್ಲಿ ಬರುತ್ತಿರಲಿಲ್ಲ. ಆದಾಗ ಆಯಿತು ಅನ್ನುವುದು ಅವನ ಲೆಕ್ಕ.

ಎಂಬತ್ತರ ದಶಕದ ನಡುವಿಗೆ ಬರುವ ಹೊತ್ತಿಗೆ ನಾನು ಮೀಸೆ ತಿರುವುವ ಗಂಡಸಾಗಿದ್ದೆ. ಹತ್ತು ವರ್ಷ ಅವನ ಪಕ್ಕ ಕೂತು ಕಲಿತದ್ದು ಸಾಕು ಅನ್ನಿಸಿತ್ತು. ಅವನ ನಿಧಾನ ನನಗೆ ಅವಮಾನದ ಹಾಗೆ ಕಾಣತೊಡಗಿತ್ತು. ತುಮಕೂರಿನ ಒಂದು ಗ್ಯಾರೇಜಿನಲ್ಲಿ ಹದಿನೈದು ದಿನ ಇದ್ದು, ಆಗಷ್ಟೇ ಬಂದಿದ್ದ ಪುಟ್ಟ ಕಾರುಗಳನ್ನು ಬಿಚ್ಚುವುದು ನೋಡಿಕೊಂಡು ಬಂದಿದ್ದೆ. ಅವುಗಳ ಮುಂದಿನ ಚಕ್ರಕ್ಕೆ ಹಳೆಯ ಡ್ರಮ್ ಬ್ರೇಕು ಇರಲಿಲ್ಲ, ಡಿಸ್ಕ್ ಬ್ರೇಕು ಇತ್ತು. ಚಕ್ರದ ಜೊತೆ ತಿರುಗುವ ಒಂದು ಉಕ್ಕಿನ ತಟ್ಟೆ; ಅದನ್ನು ಎರಡೂ ಕಡೆಯಿಂದ ಇಕ್ಕಳದ ಹಾಗೆ ಅಮುಕುವ ಕ್ಯಾಲಿಪರ್; ಅದರ ಹೊಟ್ಟೆಯಲ್ಲಿ ಸಣ್ಣ ಲೋಟದಂಥ ಪಿಸ್ಟನ್. ಪೆಡಲ್ ತುಳಿದರೆ ಬ್ರೇಕ್ ಎಣ್ಣೆ ಪಿಸ್ಟನ್ನನ್ನು ಮುಂದಕ್ಕೆ ತಳ್ಳುತ್ತದೆ, ಕಾಲು ತೆಗೆದರೆ ಅದು ಒಂದಿಷ್ಟು ಹಿಂದೆ ಸರಿಯಬೇಕು. ಊರಿಗೆ ವಾಪಸು ಬಂದು ಇದನ್ನೆಲ್ಲ ಭಾವನಿಗೆ ನಾನು ಪಾಠ ಹೇಳಿದೆ. ಅವನು ಬೀಡಿ ಸೇದುತ್ತ ಪೂರಾ ಕೇಳಿಸಿಕೊಂಡ. "ಚೆನ್ನಾಗೈತೆ" ಅಂದ.

ಅಂಥದೊಂದು ಕಾರು ನಮ್ಮ ಶೆಡ್ಡಿಗೆ ಬಂದದ್ದು ಒಂದು ಬೇಸಿಗೆಯ ಬೆಳಿಗ್ಗೆ. ಪಾವಗಡದ ಕಡಲೆಕಾಯಿ ಮಿಲ್ಲಿನ ಯಜಮಾನರೊಬ್ಬರದು. ಮಗಳಿಗೆ ಗಂಡು ನೋಡಲು ಒಬ್ಬರೇ ತುಮಕೂರಿಗೆ ಹೊರಟಿದ್ದರು. ದಾರಿಯುದ್ದಕ್ಕೂ ಕಾರು ಎಡಕ್ಕೆ ಎಳೆದಿದೆ. ನಮ್ಮ ಶೆಡ್ಡಿನ ಹತ್ತಿರ ಬರುವಷ್ಟರಲ್ಲಿ ಮುಂದಿನ ಎಡಚಕ್ರದಿಂದ ಹೊಗೆ. ನಾನು ಚಕ್ರದ ಮೇಲೆ ನೀರು ಚಿಮುಕಿಸಿದರೆ ಕಾದ ಹೆಂಚಿನ ಮೇಲೆ ಬಿದ್ದ ಹಾಗೆ ಚುರ್ ಅಂತು.

ಆರಿದ ಮೇಲೆ ಜಾಕು ಕೊಟ್ಟು ಚಕ್ರ ತೆಗೆದೆವು. ಕ್ಯಾಲಿಪರಿನ ರಬ್ಬರು ಹರಿದು, ಒಳಗೆ ನೀರು ಇಳಿದು, ಪಿಸ್ಟನ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಮುಂದಕ್ಕೆ ಬಂದದ್ದು ಹಿಂದೆ ಹೋಗುತ್ತಿಲ್ಲ; ಬ್ರೇಕು ಹಿಡಿದದ್ದು ಬಿಡುತ್ತಿಲ್ಲ. ಕಾರು ತಿಂಗಳುಗಟ್ಟಲೆ ಮಿಲ್ಲಿನ ಅಂಗಳದಲ್ಲಿ ನಿಂತೇ ಇತ್ತಂತೆ. ಓಡಿಸದೆ ದಿನಾ ತೊಳೆಸುತ್ತಿದ್ದರಂತೆ.

ಭಾವ ಅಂಥ ಬ್ರೇಕನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಎರಡು ಸಲ ತಿರುಗಿಸಿ ನೋಡಿದ, ಬೆರಳಿನಿಂದ ಸುತ್ತ ಸವರಿದ. "ಎಣ್ಣೆ ಬರೋ ಹೋಸು ತಿರಗಾ ಹಾಕು. ಪೆಡ್ಲು ಮೆಲ್ಲಕೆ ತುಳ್ದು ಎಣ್ಣೇಲೇ ತಳ್ಳಾನ" ಅಂದ. ತುಮಕೂರಿನಲ್ಲಿ ಹೀಗಲ್ಲ, ಕಂಪ್ರೆಸರಿನ ಗಾಳಿ ಕೊಟ್ಟು ಹಾರಿಸುತ್ತಾರೆ ಅಂದೆ.

"ಗಾಳಿ ಬ್ಯಾಡ. ಎಣ್ಣೆ ತಳ್ತದೆ, ಗಾಳಿ ಹಾರಿಸ್ತದೆ."

ನಾನು ಪೆಡಲ್ ತುಳಿದೆ. ಅವನು ನೆಲದಲ್ಲಿ ಕೂತು ಮರದ ಸುತ್ತಿಗೆಯಿಂದ ಸುತ್ತ ತಟ್ಟುತ್ತಿದ್ದ. ಪಿಸ್ಟನ್ ಒಂದು ನೂಲು ಮುಂದೆ ಬಂತು, ನಿಂತಿತು. ಇನ್ನೂ ತುಳಿದರೆ ಹಳೆಯ ಹೋಸು ಒಡೆಯುತ್ತದೆ ಅಂತ ಭಾವ ಕೈ ಎತ್ತಿದ. ಸುತ್ತ ಎಣ್ಣೆ ಬಿಟ್ಟು, ಯಜಮಾನರಿಗೆ ಹೇಳಿದ: "ಇದು ನೆನೀಬೇಕು ಸ್ವಾಮಿ. ನಾಳೆ ಬೆಳಗ್ಗೆ ತಾನಾಗೇ ಬತ್ತದೆ. ನೀವು ಬಸ್ಸಲ್ಲಿ ಹೋಗ್ಬುಟ್ಟು ಬನ್ನಿ."

ಯಜಮಾನರ ಮುಖ ಕೆಂಪಾಯಿತು. "ಬಸ್ಸಲ್ಲಾ? ಬೀಗರಾಗೋರ ಮುಂದೆ ನಾನು ಬಸ್ಸಿಳ್ದು ನಿಂತ್ಕೋಬೇಕಾ? ಏಮಯ್ಯಾ, ನೀನು ಅಂಬಾಸಿಡರ್ ಕಾಲ್ದೋನು. ಇದು ಕೊತ್ತ ಬಂಡಿ, ಹೊಸ ಗಾಡಿ. ನಿಂಗೇನು ತಿಳೀತದೆ?" ಆಮೇಲೆ ನನ್ನ ಕಡೆ ತಿರುಗಿದರು. "ನೀನು ಹೇಳಪ್ಪಾ. ನಿನ್ ಕೈಲಿ ಆಗ್ತದಾ?"

ಹತ್ತು ವರ್ಷದಲ್ಲಿ ಆ ಶೆಡ್ಡಿಗೆ ಬಂದ ಯಾರೂ ಭಾವನನ್ನು ಬಿಟ್ಟು ನನ್ನನ್ನು ಕೇಳಿರಲಿಲ್ಲ.

"ಆಯ್ತದೆ ಸ್ವಾಮಿ" ಅಂದೆ.

ಭಾವ ನನ್ನ ಮುಖ ನೋಡಿದ. ನಾನು ಹೋಸು ಬಿಚ್ಚಿ, ಕ್ಯಾಲಿಪರನ್ನು ಕೈಯಲ್ಲಿ ಹಿಡಿದು, ಪಕ್ಕದ ಪಂಕ್ಚರ್ ಅಂಗಡಿಗೆ ನಡೆದೆ. ಶಿರಾದ ಸಾಬರೊಬ್ಬರ ಅಂಗಡಿ ಅದು. ಕಂಪ್ರೆಸರ್ ಇದ್ದದ್ದು ಅವರಲ್ಲಿ ಮಾತ್ರ. ಯಜಮಾನರು ನನ್ನ ಹಿಂದೆ ಬಂದರು. ಸ್ವಲ್ಪ ಹೊತ್ತಿಗೆ ಭಾವನೂ ಬಂದ. ಅವನಿಗೆ ಬರುವ ಅಗತ್ಯವಿರಲಿಲ್ಲ. ನಾನು ಏನಾದರೂ ಮಾಡಿಕೊಂಡೇನು ಅಂತ ಬಂದ.

ಪಿಸ್ಟನ್ ಹಾರಿ ಬಡಿಯದಿರಲಿ ಅಂತ ಎದುರಿಗೆ ಮರದ ತುಂಡು ಇಡಬೇಕು. ತುಮಕೂರಿನಲ್ಲಿ ನೋಡಿದ್ದೆ. ಮರ ಹುಡುಕುವ ತಾಳ್ಮೆ ಇರಲಿಲ್ಲ, ಚಿಂದಿ ಬಟ್ಟೆ ಮಡಿಸಿ ತುರುಕಿದೆ. ಭಾವ ಕ್ಯಾಲಿಪರನ್ನು ಕಲ್ಲಿನ ಮೇಲೆ ಅದುಮಿ ಹಿಡಿದ. ನಾನು ಎಣ್ಣೆ ಹೋಗುವ ತೂತಿಗೆ ಗಾಳಿಯ ಪೈಪು ಒತ್ತಿ ಸ್ವಲ್ಪ ಬಿಟ್ಟೆ. ಅಲುಗಲಿಲ್ಲ. ಇನ್ನೊಂದು ಚೂರು ಬಿಟ್ಟೆ. ಅಲುಗಲಿಲ್ಲ. ಯಜಮಾನರು ಗಡಿಯಾರ ನೋಡಿಕೊಂಡು, "ಹೊತ್ತಾಯ್ತಪ್ಪಾ" ಅಂದರು. ಸಾಬರು, "ಅರೆ ಆಹಿಸ್ತಾ ಭಾಯ್, ನಿಧಾನ" ಅಂದರು.

ಆಗ ಭಾವ ಬಟ್ಟೆ ಸರಿಸಿ, ಪಿಸ್ಟನ್ನು ಎಷ್ಟು ಬಂದಿದೆ ಅಂತ ತಿಳಿಯಲು ಬಲಗೈಯ ಎರಡು ಬೆರಳು ಅದರ ಎದುರಿನ ಸಂದಿಗೆ ಹಾಕಿದ. ಕಣ್ಣು ಮುಚ್ಚಿಕೊಂಡ. "ತಡಿ" ಅಂದ.

ನನಗೆ ಕೇಳಿಸಿತು. ಕಂಪ್ರೆಸರಿನ ಸದ್ದಿನಲ್ಲೂ ಸ್ಪಷ್ಟವಾಗಿ ಕೇಳಿಸಿತು. ಇವನು ಯಾವತ್ತೂ ಹೀಗೇ, ತಡಿ ತಡಿ ಅಂತಲೇ ಜೀವನ ಕಳೆದ ಅಂತ ನನ್ನ ಮನಸ್ಸಿಗೆ ಬಂತು. ಅವನು ಬೆರಳು ಹಾಕಿದ್ದನ್ನು ನೋಡಿದ್ದೆನೋ ಇಲ್ಲವೋ ಈಗಲೂ ಹೇಳಲಾರೆ. ಮಾತು ಮಾತ್ರ ಕೇಳಿಸಿತು. ನಾನು ಪೂರಾ ಗಾಳಿ ಬಿಟ್ಟೆ.

ಪಟಾಕಿ ಹೊಡೆದಂಥ ಸದ್ದು. ಪಿಸ್ಟನ್ ಹೊರಗೆ ಬಂದಿತ್ತು. ಅದನ್ನು ಕಂಡು ನನ್ನೊಳಗೆ ಕ್ಷಣಮಾತ್ರ ಎದ್ದದ್ದು ಸಂತೋಷ. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದು ಬರೆದೂ ಪ್ರಯೋಜನವಿಲ್ಲ. ಆಮೇಲೆ ಭಾವ ಮೊಣಕಾಲ ಮೇಲೆ ಕೂತಿರುವುದು ಕಂಡಿತು. ಎಡಗೈಯಲ್ಲಿ ಬಲಗೈಯನ್ನು ಹಿಡಿದುಕೊಂಡು, ಅದು ಬೇರೆ ಯಾರದೋ ಅನ್ನುವ ಹಾಗೆ ನೋಡುತ್ತಿದ್ದ.

ಸಾಬರು ತಮ್ಮ ಹೆಗಲ ಮೇಲಿನ ವಸ್ತ್ರವನ್ನು ಅವನ ಕೈಗೆ ಸುತ್ತಿ, ರಸ್ತೆಯಲ್ಲಿ ಹೋಗುತ್ತಿದ್ದ ಟೆಂಪೋ ನಿಲ್ಲಿಸಿದರು. ಆಸ್ಪತ್ರೆಯಲ್ಲಿ ತೋರುಬೆರಳನ್ನು ಬುಡದಿಂದಲೇ ತೆಗೆಯಬೇಕಾಯಿತು, ನಡುಬೆರಳನ್ನು ಎರಡನೆಯ ಗೆಣ್ಣಿನವರೆಗೆ. ಹೇಗಾಯಿತು ಅಂತ ಡಾಕ್ಟರು ಕೇಳಿದರು. ಅಕ್ಕ ಬಾಗಿಲಲ್ಲಿ ನಿಂತಿದ್ದಳು.

"ಮಿಷನ್ ಸದ್ದಿತ್ತು ಸಾರ್. ಇವ್ರು ತಡಿ ಅಂದಿದ್ದು ಕೇಳಿಸ್ಲಿಲ್ಲ" ಅಂದೆ.

ಭಾವ ಮಂಚದ ಮೇಲೆ ಮಲಗಿದ್ದ. ತಲೆ ಹೊರಳಿಸಿ ನನ್ನನ್ನೇ ನೋಡಿದ. ಆಮೇಲೆ ಅಕ್ಕನ ಕಡೆ ನೋಡಿ, "ಹೂಂ. ಸದ್ದು ಜಾಸ್ತಿ ಇತ್ತು" ಅಂದ.

ಅಲ್ಲೇ ಅವನ ಕಾಲ ಬಳಿ ಕೂರಬೇಕಾಗಿತ್ತು. ಕೂರಲಿಲ್ಲ. ಯಜಮಾನರು ಶೆಡ್ಡಿನಲ್ಲಿ ಕಾಯುತ್ತಿದ್ದಾರೆ ಅಂತ ನೆಪ ಮಾಡಿಕೊಂಡು ಎದ್ದು ಬಂದೆ. ನಿಜ ಹೇಳಬೇಕೆಂದರೆ ಅಕ್ಕನ ಮುಂದೆ ನಿಲ್ಲಲು ಆಗಲಿಲ್ಲ. ಕೈಗೆ ಕೆಲಸ ಬೇಕಿತ್ತು. ಕ್ಯಾಲಿಪರಿನ ಮೇಲಿನ ರಕ್ತವನ್ನು ಸಾಬರು ಆಗಲೇ ತೊಳೆದಿಟ್ಟಿದ್ದರು. ನಾನು ಪಿಸ್ಟನ್ನಿನ ತುಕ್ಕನ್ನು ನಯವಾದ ಉಜ್ಜುಕಾಗದದಿಂದ ತಿಕ್ಕಿ, ಎಣ್ಣೆ ಸವರಿ, ಬೆರಳಿನಿಂದ ಒತ್ತಿದೆ. ಬೆಣ್ಣೆಯಲ್ಲಿ ಇಳಿದ ಹಾಗೆ ಒಳಗೆ ಹೋಯಿತು. ಸಾಬರು ಪೆಡಲ್ ತುಳಿದುಕೊಟ್ಟರು, ನಾನು ಎಣ್ಣೆಯಲ್ಲಿ ಸೇರಿದ್ದ ಗಾಳಿಗುಳ್ಳೆ ತೆಗೆದೆ. ರಬ್ಬರು ಹಳೆಯದೇ, ತುಮಕೂರಿನಲ್ಲಿ ಹೊಸದು ಹಾಕಿಸಿ ಅಂದೆ. ಯಜಮಾನರು ಸೀಟಿನಲ್ಲಿ ಕೂತು, ಕಿಟಕಿಯಿಂದ ಕೈ ಹೊರಗೆ ಹಾಕಿ ನನ್ನ ಬೆನ್ನು ತಟ್ಟಿದರು. "ನೀನಯ್ಯಾ ಅಸಲು ಮೆಕ್ಯಾನಿಕ್ಕು" ಅಂದರು. ಆಸ್ಪತ್ರೆಯಲ್ಲಿ ಏನಾಯಿತು ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಅವರ ಮಗಳ ಮದುವೆ ಆ ವರ್ಷವೇ ಆಯಿತು. ಅವರು ಹೋದಹೋದಲ್ಲಿ ನನ್ನ ಸುದ್ದಿ ಹೇಳಿದರು. ಶಿರಾ, ಕೊರಟಗೆರೆ, ಪಾವಗಡ ಎಲ್ಲ ಕಡೆಯಿಂದ ಪುಟ್ಟ ಕಾರುಗಳು ನಮ್ಮ ಬೇವಿನ ಮರದ ಕೆಳಗೆ ಬಂದು ನಿಲ್ಲತೊಡಗಿದವು. ಮಧುಗಿರಿಯಲ್ಲಿ ಡಿಸ್ಕ್ ಬ್ರೇಕು ಗೊತ್ತಿರುವವನು ಒಬ್ಬ ಇದ್ದಾನಂತೆ ಅಂತ ಜನ ಕೇಳಿಕೊಂಡು ಬಂದರು. ಆಮೇಲೆ ನಾನು ಬಿಚ್ಚಿದ ಯಾವ ಪಿಸ್ಟನ್ನಿಗೂ ಗಾಳಿ ಮುಟ್ಟಿಸಲಿಲ್ಲ. ನೆನೆಸಿ, ಕಾದು, ಪೆಡಲ್ ತುಳಿದು ಎಣ್ಣೆಯಿಂದಲೇ ತಳ್ಳಿದೆ. ನಾಳೆ ಬನ್ನಿ ಅಂತ ಹೇಳುವುದನ್ನು ಕಲಿತೆ. ಎಷ್ಟು ಸಮಾಧಾನದ ಮನುಷ್ಯ ಅಂತ ನನ್ನನ್ನು ಜನ ಹೊಗಳಿದರು.

ಭಾವ ಗಾಯ ಒಣಗಿದ ಮೇಲೆ ಶೆಡ್ಡಿಗೆ ಬಂದ. ಉಳಿದ ಬೆರಳುಗಳಲ್ಲಿ ನಟ್ಟು ಹಿಡಿದು ತಿರುಪಿಗೆ ಕೂರಿಸಲು ನೋಡುತ್ತಿದ್ದ. ಅದು ಜಾರಿ ಗುಂಡಿಗೆ ಬೀಳುತ್ತಿತ್ತು. ಇಳಿದು ಎತ್ತಿಕೊಂಡು ಬರುತ್ತಿದ್ದ, ಮತ್ತೆ ಬೀಳುತ್ತಿತ್ತು. ನಾನು ಎತ್ತಿಕೊಡಲು ಹೋದರೆ, "ಬುಡು" ಅನ್ನುತ್ತಿದ್ದ. ಒಂದು ವಾರ ಹಾಗೆ ನಡೆಯಿತು. ಎಡಗೈಯಲ್ಲಿ ಇನ್ನೊಂದು ತಿಂಗಳು ನೋಡಿದ. ಆಮೇಲೆ ಬೆಂಚಿನ ಮೇಲೆ ಕೂತ.

ಒಂದು ದಿನ ಅದೇ ಯಜಮಾನರು ಬಂದರು. ನನ್ನ ಹತ್ತಿರ ನಗುನಗುತ್ತಾ ಮಾತಾಡಿ, ಬೆಂಚಿನ ಕಡೆ ಕಣ್ಣು ಹಾಯಿಸಿ, "ಈಯಪ್ಪ ಯಾರು?" ಅಂತ ಕೇಳಿದರು. ಮರೆತಿದ್ದರು. ನಿಜವಾಗಿಯೂ ಮರೆತಿದ್ದರು. ಅದರಲ್ಲಿ ಕೆಟ್ಟತನವೂ ಇರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಭಾವ, "ಇಲ್ಲೇ ಊರೋನು ಸ್ವಾಮಿ" ಅಂದ. ಮಾರನೆಯ ದಿನದಿಂದ ಅವನು ಶೆಡ್ಡಿಗೆ ಬರಲಿಲ್ಲ. ತಿಂಗಳೊಳಗೆ ಶೆಡ್ಡನ್ನು ನನಗೇ ಬಿಟ್ಟು, ಅಕ್ಕನನ್ನು ಕರೆದುಕೊಂಡು ಕೊರಟಗೆರೆಗೆ ಹೋಗಿ, ಒಂದು ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕೆ ಸೇರಿದ. ಬೆಳಿಗ್ಗೆ ಗುಂಡಿ ಒತ್ತಿ ಗಿರಣಿ ಶುರು ಮಾಡುವುದು, ಸಂಜೆ ಆರಿಸುವುದು, ನಡುವೆ ರಾಗಿ ಸುರಿಯುವುದು.

ಅಕ್ಕ ನನ್ನ ಮೇಲೆ ಸಿಟ್ಟಾಗಿದ್ದರೆ ಒಳ್ಳೆಯದಿತ್ತು. ಯಾರಾದರೂ ನನ್ನ ಬಗ್ಗೆ ಕೊಂಕು ಮಾತಾಡಿದರೆ ಅವಳೇ ಮೈಮೇಲೆ ಬೀಳುತ್ತಿದ್ದಳು. "ನನ್ ತಮ್ಮಂಗೆ ಕೇಳಿಸ್ನೇ ಇಲ್ಲ ಕಣಮ್ಮ. ಕೇಳ್ಸಿದ್ರೆ ಗಾಳಿ ಬುಡೋನಾ?" ಅನ್ನುತ್ತಿದ್ದಳು. ಅದನ್ನು ನಾನೇ ಎರಡು ಸಲ ಕಿವಿಯಾರೆ ಕೇಳಿದ್ದೇನೆ.

ದಶಕ ಮುಗಿಯುವ ಹೊತ್ತಿಗೆ ತಡೆಯಲಾಗದೆ, ಬರುತ್ತೇನೆ ಅಂತ ಅಕ್ಕನಿಗೆ ಕಾಗದ ಹಾಕಿ, ಒಂದು ಭಾನುವಾರ ಕೊರಟಗೆರೆಗೆ ಹೋದೆ. ಭಾವ ಗಿರಣಿಯ ಹಿಂದೆ ಕಲ್ಲಿನ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ. ಎಡಗೈಯಲ್ಲಿ ಕಡ್ಡಿ ಗೀರುವುದು ಅವನಿಗೆ ರೂಢಿಯಾಗಿತ್ತು. ಕೂದಲು, ಹುಬ್ಬು ಎಲ್ಲ ಹಿಟ್ಟು. ನಾನು ನಿಂತೇ ಹೇಳಿದೆ.

"ಭಾವ, ಅವತ್ತು ನೀನು ತಡಿ ಅಂದಿದ್ದು ನಂಗೆ ಕೇಳಿಸ್ತು."

"ಗೊತ್ತು" ಅಂದ.

"ಗೊತ್ತಿದ್ದೂ ಯಾಕೆ..."

"ನಿನ್ ಕೈ ಪೈಪಿನ ಮ್ಯಾಲಿತ್ತು. ನಾನು ತಡಿ ಅಂದೇಟ್ಗೆ ನೀನು ಮೊಖ ಸಿಂಡರಿಸ್ದೆ. ಕಣ್ಬಿಟ್ಟು ನೋಡ್ದೆ ನಾನು. ಕೇಳಿಸ್ದೇ ಇದ್ದೋನು ಸಿಂಡರಿಸ್ತಾನೇನ್ಲಾ?"

ಕಾಲಿಗೆ ಬೀಳಲು ಬಗ್ಗಿದೆ. ಅವನು ಕಾಲು ಹಿಂದಕ್ಕೆ ಎಳೆದುಕೊಂಡ.

"ಈಗ್ಯಾಕೆ ಬಂದೆ? ನಿನ್ ಮನ್ಸು ಹಗುರ ಮಾಡ್ಕಳಕ್ಕಾ? ನನ್ ಬೆಳ್ಳು ಬತ್ತದಾ ಅದ್ರಿಂದ?" ಅವನ ದನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಮತ್ತೆ ತಾನೇ ತಗ್ಗಿಸಿದ. "ಕೇಳ್ಲಾ. ನಿಮ್ಮಕ್ಕಂಗೆ ಹೇಳ್ಬ್ಯಾಡ. ಅವ್ಳಿಗೆ ತೌರು ಅಂತ ಇರೋದು ನೀನೊಬ್ನೇ. ಅದ್ನೂ ಕಿತ್ಕಬ್ಯಾಡ. ನಿಂಗೆ ಹೊರೆ ಆಯ್ತದಾ? ಆಗ್ಲಿ. ಹೊತ್ಕ."

"ನನ್ನ ಕ್ಷಮಿಸ್ಬುಡು ಭಾವ."

"ಅದು ನನ್ ಕೈಲಾಗಕಿಲ್ಲ" ಅಂದ. ಸಿಟ್ಟಿನಿಂದಲ್ಲ. ರಾಗಿ ಮುಗಿದಿದೆ ಅನ್ನುವ ಹಾಗೆ ಹೇಳಿದ. "ಮನೆಗೆ ಹೋಗು. ನೀನು ಬತ್ತೀಯ ಅಂತ ಕೋಳಿ ಕುಯ್ದವ್ಳೆ."

ಮನೆಯಲ್ಲಿ ಅಕ್ಕ ಕೈಗೆ ನೀರು ಕೊಟ್ಟು, ಮುಖ ನೋಡಿ, "ಯಾಕಪ್ಪಾ, ಇಂಗೆ ಸೊರಗ್ಬುಟ್ಟಿದೀಯ? ಶೆಡ್ನಾಗೆ ಹೊತ್ತೊತ್ತಿಗೆ ಉಣ್ಣಕಿಲ್ವಾ?" ಅಂತ ಕೇಳಿದಳು. ಭಾವ ಬಂದು ನನ್ನ ಎದುರಿಗೇ ಕೂತ. ಅಕ್ಕ ಇಬ್ಬರಿಗೂ ಮುದ್ದೆ ಇಟ್ಟು ಸಾರು ಬಿಟ್ಟಳು. ಅವನು ತಲೆ ತಗ್ಗಿಸಿ ಉಣ್ಣುತ್ತಿದ್ದ. ನನಗೆ ಊಟ ಬೇಡವಾಗಿತ್ತು. ಆದರೆ ಬಿಟ್ಟೆದ್ದರೆ ಅವಳು ಏನು ಎತ್ತ ಅಂತ ಕೇಳುತ್ತಾಳೆ. ಇನ್ನೊಂದು ಮುದ್ದೆ ಹಾಕಿಸಿಕೊಂಡು, ಸಾರು ಚೆನ್ನಾಗಿದೆ ಅಂತ ಹೇಳಿ, ಪೂರಾ ಉಂಡೆ.