ಎಡಮಗ್ಗುಲ ಬಾಗಿಲು

ಮಧುಗಿರಿ ಬೆಟ್ಟದ ಬುಡದಲ್ಲಿ ಕುಲುಮೆ ಇಟ್ಟುಕೊಂಡಿದ್ದ ಕದರಪ್ಪನದು ಒಂದೇ ಹಟ. ಗಾಡಿಯನ್ನು ಕಲ್ಲಿನ ಮೇಲೆ ಎತ್ತಿ ಕೂರಿಸಿ, ಪೂಜೆ ಮಾಡಿ, ಕಾಯಿ ಒಡೆದ ಮೇಲೆಯೇ ಚಕ್ರ ನೆಲ ಮುಟ್ಟಬೇಕು. ಆಮೇಲೆ ಅದಕ್ಕೆ ಸುತ್ತಿಗೆ, ಉಳಿ ಸೋಕಿಸುವಂತಿಲ್ಲ. ಸೋಕಿಸಿದರೆ ಗಾಡಿ ಮನೆಯವರನ್ನೇ ಬಲಿ ತೆಗೆದುಕೊಳ್ಳುತ್ತದೆ ಎನ್ನುತ್ತಿದ್ದ. ಇದೇನೂ ಶಾಸ್ತ್ರವಲ್ಲ. ಕೀಲು ಬಿಗಿ ಮಾಡು, ನೊಗ ಕೆತ್ತು ಎಂದು ಬಿಟ್ಟಿ ಕೆಲಸಕ್ಕೆ ಬಂದು ತಲೆ ತಿನ್ನುವ ಗಿರಾಕಿಗಳನ್ನು ಸಾಗಹಾಕಲು ಅವನೇ ಹೂಡಿದ ಉಪಾಯ. ಹೇಳಿ ಹೇಳಿ ಊರೆಲ್ಲ ನಂಬಿತ್ತು, ಅವನೂ ಮುಕ್ಕಾಲು ಪಾಲು ನಂಬಿದ್ದ.

ಕಡಲೆಕಾಯಿ ವ್ಯಾಪಾರಿ ಮರುಳಸಿದ್ದಯ್ಯನವರ ಹಳೆಯ ಕಾರು ಶಿರಾ ರಸ್ತೆಯಲ್ಲಿ ಎಡಕ್ಕೆ ಉರುಳಿ ಆ ಮಗ್ಗುಲೆಲ್ಲ ನಜ್ಜುಗುಜ್ಜಾದಾಗ ಅದೂ ಕದರಪ್ಪನ ಕುಲುಮೆಗೇ ಬಂತು. ಒಳಗಿನ ಮರದ ಚೌಕಟ್ಟು ಗಟ್ಟಿಯಾಗಿತ್ತು, ಹೊರಗಿನ ತಗಡುಗಳನ್ನು ಬದಲಿಸಿದರೆ ಸಾಕಿತ್ತು. ಡ್ರೈವರ್ ಪಾಲಪ್ಪ ಬೆಂಗಳೂರಿನ ವರ್ಕ್‌ಶಾಪು ಕಂಡವನು.

"ಒಂದೊಂದೇ ತಗಡು ಬಿಚ್ಚಣ್ಣ. ಚಕ್ರದ ಮ್ಯಾಲೇ ನಿಲ್ಸಿ ಬಾಗ್ಲು ಕೂರ್ಸು, ಇಲ್ದಿದ್ರೆ ಮೈ ಸೊಟ್ಟಗಾಗ್ತದೆ," ಎಂದ.

"ನಂಗೇ ಗಾಡಿ ಕೆಲ್ಸ ಹೇಳ್ಕೊಡೋಕೆ ಬಂದ್ಬುಟ್ಯೇನ್ಲಾ?" ಎಂದು ಕದರಪ್ಪ ಅವನ ಬಾಯಿ ಮುಚ್ಚಿಸಿದ.

ಎತ್ತಿನಗಾಡಿಯಂತೆಯೇ ಕಾರಿನ ಹೊಟ್ಟೆಗೆ ಕಲ್ಲು ಕೊಟ್ಟು ಎತ್ತಿದ, ಎಡಗಡೆಯದನ್ನೆಲ್ಲ ಒಟ್ಟಿಗೇ ಕಿತ್ತ. ಕಾರಿನ ಎರಡು ತುದಿಗಳೂ ಕೊಂಚ ಜೋತದ್ದು ಅವನ ಕಣ್ಣಿಗೆ ಬೀಳಲಿಲ್ಲ. ಹೊಸ ಬಾಗಿಲುಗಳನ್ನು ಆ ಜೋತ ಮೈಗೇ ಅಳೆದು ಕೂರಿಸಿದ. ಸುತ್ತಲೂ ಸಂದು ಒಂದೇ ಸಮ ಬಂದಾಗ ತನ್ನ ಕೈಗೆ ತಾನೇ ಶಹಬ್ಬಾಸ್ ಎಂದುಕೊಂಡ.

ಪೂಜೆಯಾಯಿತು, ಕಾಯಿ ಒಡೆಯಿತು. ಕಲ್ಲು ತೆಗೆದು ಕಾರನ್ನು ಚಕ್ರದ ಮೇಲೆ ಇಳಿಸಿದರು. ಮೈ ತನ್ನ ಮೊದಲಿನ ನಿಲುವಿಗೆ ಬಂತು. ಹಿಂಬದಿಯ ಬಾಗಿಲು ಮೇಲ್ಗಡೆ ಕಚ್ಚಿಕೊಂಡು ಕೆಳಗಡೆ ಬೆರಳು ತೂರುವಷ್ಟು ಬಾಯಿ ಬಿಟ್ಟಿತು. ಕದರಪ್ಪ ಒತ್ತಿ ನೋಡಿದ. ಚಿಲಕ ಕಚ್ಚಿತು, ಆದರೆ ತುದಿಯಲ್ಲಿ ಮಾತ್ರ. ಆ ಬಾಗಿಲಿನ ಕೀಲು ಹಿಂದಕ್ಕಿತ್ತು; ಓಡುವಾಗ ಬಿಚ್ಚಿಕೊಂಡರೆ ಗಾಳಿಯೇ ಅದನ್ನು ಎಳೆದು ಬಿಸಾಡುತ್ತದೆ. ಅವನು ಯಜಮಾನರ ಕಡೆಗೆ ತಿರುಗಿದ.

"ಬುದ್ಧೀ, ಒಂದಿಷ್ಟು ಸ್ಪ್ಯಾನರ್ ಆಡಿಸ್ಬೇಕಿತ್ತು," ಎಂದ.

"ಕಾಯಿ ಒಡೆದ ಮೇಲೆ ಕಬ್ಬಿಣವೇ? ನೀನೇ ಹೇಳೋ ಮಾತಲ್ಲವೇನಯ್ಯ," ಎಂದು ಮರುಳಸಿದ್ದಯ್ಯನವರು ನಕ್ಕರು. "ಬಸುರಿ ಮಗಳನ್ನ ಪಾವಗಡದಿಂದ ಹೆರಿಗೆಗೆ ಕರ್ಕೊಂಡು ಬರೋಕೆ ಹೊರಟಿದೀವಿ. ಅಪಶಕುನ ಆಡಬೇಡ."

ಆ ಉಪಾಯ ನನ್ನದೇ, ಬಾಗಿಲು ಕೆಟ್ಟಿದೆ ಎಂದು ಆಗಲೇ ಹೇಳಿಬಿಡಬಹುದಿತ್ತು. ಅಷ್ಟು ಜನರೆದುರು ನಾಲಿಗೆ ಏಳಲಿಲ್ಲ. ಹಾಳು ಮರ್ಯಾದೆ! ದಾರಿಯಲ್ಲಿ ನನ್ನ ಸಹಾಯ ಬೇಕಾದೀತು ಎಂದು ತಾನೂ ಹತ್ತಿ, ಪಾವಗಡದವರೆಗೂ ಬಾಗಿಲ ಹಿಡಿಯನ್ನು ಬಿಡದೆ ಕೂತ.

ವಾಪಸು ಹೊರಟಾಗ ಬಿಸಿಲು ಬಲಕ್ಕಿತ್ತು. ತಾಯಿ ದಾಕ್ಷಾಯಣಮ್ಮ ಬಲಗಡೆ ಕೂತು, ಮಗಳು ನಾಗರತ್ನಮ್ಮನನ್ನು ನೆರಳಿನ ಮಗ್ಗುಲಿಗೆ, ಅದೇ ಬಾಗಿಲಿಗೆ ಒರಗಿಸಿ ಕೂರಿಸಿದರು. ಯಜಮಾನರು ಮುಂದೆ ಕೂತರು. ಕದರಪ್ಪ ಹೊರಗಿನ ಮೆಟ್ಟಿಲ ಮೇಲೆ ನಿಂತು ಬಾಗಿಲಿಗೆ ಮೈ ಒತ್ತಿಕೊಂಡ. ಒಂದೊಂದು ಗುಂಡಿಗೂ ಚಿಲಕ ಲಟಕ್ಕೆನ್ನುವುದು ಅವನ ಸೊಂಟಕ್ಕೇ ತಿಳಿಯುತ್ತಿತ್ತು. ಒಳಗೆ ಅವಳು ಹೊಟ್ಟೆಯ ಮೇಲೆ ಕೈಯಿಟ್ಟು ತೂಕಡಿಸುತ್ತಿದ್ದಳು.

ಮಿಡಿಗೇಶಿ ಊರು ಇನ್ನೂ ದೂರವಿರುವಾಗಲೇ ಇಳಿಜಾರು ಶುರುವಾಯಿತು. ಅವನಿಂದ ಇನ್ನು ತಾಳಲಾಗಲಿಲ್ಲ. ಕಿಟಕಿಯೊಳಗೆ ಬಗ್ಗಿ, "ಅವ್ವಾ, ಬಾಗ್ಲು ಸರಿಯಾಗಿಲ್ಲ. ಅಮ್ಮಾರ ಕಡೀಕೆ ಸರ್ಕೊ," ಎಂದ.

ಅವಳು ಕಣ್ಣು ಬಿಟ್ಟು, ಅವನ ಮುಖ ನೋಡಿ, ತಾಯಿಯ ಪಕ್ಕಕ್ಕೆ ಸರಿದಳು. ತಿರುವಿನಲ್ಲಿ ಚಕ್ರ ಕಲ್ಲಿಗೆ ಬಡಿದು ಹಾರಿತು. ಚಿಲಕ ಕಳಚಿ, ಬಾಗಿಲು ಕದರಪ್ಪನನ್ನು ರಸ್ತೆಯಂಚಿನ ಬಂಡೆಗೆ ಒಗೆಯಿತು.

ಸೊಂಟ ಮುರಿದಿತ್ತು. ಯಜಮಾನರು ಓಡಿಬಂದು, "ನನ್ನ ಮಗಳಿಗಾಗಿ ಪ್ರಾಣ ಕೊಡೋಕೆ ನಿಂತ್ಯಲ್ಲೋ," ಎಂದು ಅತ್ತುಬಿಟ್ಟರು. ಅವರು ನೀರು ತರಲು ಹೋದಾಗ ನಾಗರತ್ನಮ್ಮ ಹತ್ತಿರ ಬಂದು ನಿಂತಳು.

"ಹೊರಡೋವಾಗ್ಲೇ ಗೊತ್ತಿತ್ತಾ?"

"ಗೊತ್ತಿತ್ತು ಕಣವ್ವ."

ಅವಳು ಬೈಯಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಅವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಎಂದಳು. ನೀನೂ ಹತ್ತು ಎಂದು ತಂದೆ ಕರೆದರೆ, "ನಾನು ಈ ಕಾರು ಹತ್ತೋದಿಲ್ಲ," ಎಂದು, ಸೊಂಟಕ್ಕೆ ಕೈ ಕೊಟ್ಟುಕೊಂಡು ಆ ಬಿಸಿಲಿನಲ್ಲಿ ಮಿಡಿಗೇಶಿಯ ಕಡೆಗೆ ನಡೆದುಬಿಟ್ಟಳು. ತಾಯಿ ಕೊಡೆ ಹಿಡಿದು ಹಿಂದೆ ಓಡಿದರು. ಪಾಲಪ್ಪ ಅವರ ಹೆಜ್ಜೆಗೆ ತಕ್ಕಂತೆ ಕಾರು ಬಿಟ್ಟ.

ಮುಂದಿನ ಗಾಜಿನಲ್ಲಿ ಅವಳ ಬೆನ್ನು ಕಾಣುತ್ತಿತ್ತು. ಅದನ್ನು ನೋಡಲಾರದೆ ಕದರಪ್ಪ ಕಣ್ಣು ಮುಚ್ಚಿಕೊಂಡ. "ಇಂಥ ನಿಯತ್ತಿನ ಮನುಷ್ಯ ಇನ್ನೆಲ್ಲಿ ಸಿಗ್ತಾನಯ್ಯ," ಎಂದು ಮರುಳಸಿದ್ದಯ್ಯನವರು ಡ್ರೈವರಿಗೆ ಹೇಳುತ್ತಲೇ ಇದ್ದರು.