ಎದುರು ಪಕ್ಷದ ಹಾಳೆ

ನಾನು ಮೂವತ್ತೊಂದು ವರ್ಷ ಮಾಡಿದ ಕೆಲಸಕ್ಕೆ ಕನ್ನಡದಲ್ಲಿ ಸರಿಯಾದ ಹೆಸರಿಲ್ಲ. ಪಾಠಪಟ್ಟಿಯಲ್ಲಿ ಅದು ‘ರೆಟರಿಕ್’. ಕೆಲವರು ವಾಗ್ಮಿತೆ ಎಂದರು, ಕೆಲವರು ಅಲಂಕಾರ ಎಂದರು. ಎರಡನ್ನೂ ಕೇಳಿಸಿಕೊಂಡ ನನ್ನ ಸೋದರಮಾವ ಮಳವಳ್ಳಿಯ ನಮ್ಮ ಮನೆ ಜಗಲಿಯ ಮೇಲೆ ಕೂತು ವಿಚಾರಣೆ ನಡೆಸಿದ.

“ಬುಡಿಸಿ ಏಳ್ಲಾ, ಅದೇನ್ ಕಲಿಸ್ತೀಯ ನೀನು?”

“ಮಾತಿನಿಂದ, ಬರಹದಿಂದ ಇನ್ನೊಬ್ಬರನ್ನ ಒಪ್ಪಿಸೋದು ಹೆಂಗೆ ಅನ್ನೋದನ್ನ, ಮಾವ.”

“ಅದ್ಕೂ ಕಾಲೇಜಾ? ಸಂತೇಲಿ ದನದ ದಲ್ಲಾಳಿಗಳು ಯಾವ್ ಕಾಲೇಜ್ಗೆ ಓಗಿದ್ರು?”

ಈ ಪ್ರಶ್ನೆಗೆ ಯೋಗ್ಯವಾದ ಉತ್ತರ ಹುಡುಕುತ್ತ ಹುಡುಕುತ್ತ ನಾನು ನಿವೃತ್ತಿಯ ಹತ್ತಿರ ಬಂದೆ. ಮಾವ ಅಷ್ಟು ದಿನ ಕಾಯಲಿಲ್ಲ. ಒಪ್ಪಿಸುವ ವಿದ್ಯೆಯ ಅಧ್ಯಾಪಕನಾದ ನಾನು ಒಂದೇ ಒಂದು ಹೆಣ್ಣಿನ ಮನೆಯವರನ್ನೂ ಒಪ್ಪಿಸಲಾರದೆ ಹೋದೆ ಎಂಬುದನ್ನು ಇಲ್ಲಿ ದಾಖಲೆಗಾಗಿ ಮಾತ್ರ ನಮೂದಿಸಿದ್ದೇನೆ. ಅದರಿಂದ ಯಾರಿಗೂ ನಷ್ಟವಾದ ವರದಿಯಿಲ್ಲ.

ಮೊದಲು ಮದ್ದೂರಿನಲ್ಲಿ, ಆಮೇಲೆ ಮಳವಳ್ಳಿಯಲ್ಲಿ ಪಾಠ ಮಾಡಿದೆ. ಕೊನೆಯ ಹದಿನಾಲ್ಕು ವರ್ಷ, ಮಂಡ್ಯಕ್ಕೂ ಮದ್ದೂರಿಗೂ ನಡುವೆ ಕಬ್ಬಿನ ಗದ್ದೆಗಳ ಪಕ್ಕದಲ್ಲಿದ್ದ ಒಂದು ಸ್ನಾತಕೋತ್ತರ ಕೇಂದ್ರದಲ್ಲಿ ‘ಬರವಣಿಗೆ ವಿಭಾಗದ ನಿರ್ದೇಶಕ’ನಾಗಿದ್ದೆ. ನಿರ್ದೇಶಕ ಎಂಬ ಪದ ದೊಡ್ಡದು. ನಿರ್ದೇಶಿಸಿಕೊಳ್ಳಲು ಆರಂಭದಲ್ಲಿ ಇಬ್ಬರು ಅತಿಥಿ ಉಪನ್ಯಾಸಕರಿದ್ದರು. ಒಬ್ಬರಿಗೆ ಬೇರೆ ಕಡೆ ಕಾಯಂ ಕೆಲಸ ಸಿಕ್ಕಿತು, ಇನ್ನೊಬ್ಬರಿಗೆ ಬುದ್ಧಿ ಬಂತು. ಉಳಿದವನು ನಾನು. ನನ್ನನ್ನು ನಾನೇ ನಿರ್ದೇಶಿಸುತ್ತ, ಆಗಾಗ ನನ್ನ ಮೇಲೇ ಅಸಮಾಧಾನ ವ್ಯಕ್ತಪಡಿಸುತ್ತ, ವಿಭಾಗವನ್ನು ನಡೆಸಿಕೊಂಡು ಬಂದೆ.

ವಿಭಾಗವೆಂದರೆ ಒಂದು ಕೋಣೆ, ಒಂದು ಮೇಜು, ಎರಡು ಕುರ್ಚಿ. ಯಾವ ವಿಷಯದ ವಿದ್ಯಾರ್ಥಿಯಾದರೂ ತಾನು ಬರೆದದ್ದನ್ನು ಹಿಡಿದುಕೊಂಡು ಬರಬಹುದು. ಅಲ್ಲಿ ಒಂದು ಕಟ್ಟಳೆಯಿತ್ತು: ನಾನು ಪೆನ್ನು ಮುಟ್ಟುವಂತಿಲ್ಲ. ಬರೆದವರೇ ಜೋರಾಗಿ ಓದಬೇಕು, ನಾನು ಕೇಳಬೇಕು. ನಡುವೆ “ಯಾಕೆ?” ಎಂದೋ “ಆಮೇಲೆ?” ಎಂದೋ ಕೇಳುವ ಅಧಿಕಾರ ಮಾತ್ರ ನನಗಿತ್ತು. ಓದುತ್ತ ಓದುತ್ತ ಅವರೇ ಎಡವುತ್ತಿದ್ದರು, ಅವರೇ ಎದ್ದು ಸರಿಪಡಿಸಿಕೊಳ್ಳುತ್ತಿದ್ದರು. ನನ್ನ ಪಾತ್ರ ಹೆಚ್ಚುಕಡಿಮೆ ಒಂದು ಗೋಡೆಯದು. ಆದರೆ ಕಿವಿಯಿರುವ ಗೋಡೆ.

ಕೋಣೆಯ ಬಾಗಿಲು ತೆಗೆದು ಗುಡಿಸುತ್ತಿದ್ದವಳು ಹೊಳಲಿನಿಂದ ಬರುತ್ತಿದ್ದ ಅಟೆಂಡರಮ್ಮ. ನನಗಿಂತ ಎರಡು ವರ್ಷ ದೊಡ್ಡವಳು, ಅಧಿಕಾರದಲ್ಲಿ ಇನ್ನೂ ದೊಡ್ಡವಳು.

“ಅಲ್ಲ ಸಾ, ಇಲ್ಲಿ ಮಕ್ಳು ಓದಿದ್ನೆಲ್ಲ ಕೇಳ್ತೀರ. ಮನೇಲಿ ಯಾರ್ ಮಾತು ಕೇಳ್ತೀರ?” ಎಂದಳು ಒಂದು ಸಲ, ಪೊರಕೆಗೆ ಒರಗಿ ನಿಂತು.

“ರೇಡಿಯೋ ಇದೆಯಲ್ಲಮ್ಮ.”

“ಅದ್ಕೆ ನೀವು ಉತ್ರ ಕೊಟ್ರೆ ಕೇಳ್ತದಾ?”

“ಕೇಳಲ್ಲ. ಅದಕ್ಕೇ ಜಗಳ ಬಂದಿಲ್ಲ.”

ಅವಳು ನಗಲಿಲ್ಲ. “ನಗೋ ಮಾತಾ ಇದು?” ಅಂದು ಕಸ ಬಾಚಿಕೊಂಡು ಹೋದಳು. ಅವಳು ಹೇಳಿದ್ದು ಸರಿ. ಮಂಡ್ಯದ ನನ್ನ ಬಾಡಿಗೆ ಮನೆಯಲ್ಲಿ ಶನಿವಾರ ಮಧ್ಯಾಹ್ನ ಬೀಗ ತೆಗೆದರೆ ಸೋಮವಾರ ಬೆಳಿಗ್ಗೆ ಬಸ್ಸಿನ ಕಂಡಕ್ಟರಿಗೆ ಊರಿನ ಹೆಸರು ಹೇಳುವವರೆಗೆ ನನ್ನ ಗಂಟಲಿಗೆ ಕೆಲಸವಿರುತ್ತಿರಲಿಲ್ಲ. ಆ ಕೋಣೆಯ ಎರಡನೆಯ ಕುರ್ಚಿ ವಿದ್ಯಾರ್ಥಿಗಳಿಗೋಸ್ಕರ ಇತ್ತು ಎಂದು ನಾನು ವಾರ್ಷಿಕ ವರದಿಗಳಲ್ಲಿ ಬರೆಯುತ್ತಿದ್ದೆ. ವರದಿ ಎಂದಮೇಲೆ ಎಲ್ಲವನ್ನೂ ಬರೆಯಲಾಗುವುದಿಲ್ಲ.

ಬರುವವರು ಕಡಿಮೆಯಾದದ್ದು ಮೊಬೈಲಿನಿಂದ. ಬರೆದುಕೊಡುವ, ತಿದ್ದಿಕೊಡುವ ಯಂತ್ರ ಎಲ್ಲರ ಜೇಬಿಗೂ ಬಂತು. ಯಾರೋ ಬಂದು ಒಂದು ಪುಟ ಓದುತ್ತಿದ್ದರು. ನಾನು “ಯಾಕೆ?” ಎಂದರೆ, “ಗೊತ್ತಿಲ್ಲ ಸಾ, ಅದು ಅಂಗೇ ಕೊಡ್ತು” ಎನ್ನುತ್ತಿದ್ದರು. ಆಮೇಲೆ ಅವರೂ ನಿಂತರು. ಕೊನೆಯ ವರ್ಷ ಬಿಡದೆ ಬರುತ್ತಿದ್ದವಳು ಹಲಗೂರಿನ ಕಡೆಯ ಒಬ್ಬ ಹುಡುಗಿ, ಸಮಾಜಶಾಸ್ತ್ರದ ವಿದ್ಯಾರ್ಥಿನಿ. ಮಂಗಳವಾರ ಎರಡು ಗಂಟೆಗೆ ಬರುತ್ತಿದ್ದಳು. ತನ್ನೂರಿನ ಹಾಲಿನ ಡೇರಿಯ ಮುಂದೆ ಹೆಂಗಸರು ಸಾಲಿನಲ್ಲಿ ನಿಂತು ಆಡುವ ಮಾತಿನ ಬಗ್ಗೆ ಪ್ರಬಂಧ ಬರೆಯುತ್ತಿದ್ದಳು. ಓದುತ್ತಿದ್ದವಳು ಒಂದು ದಿನ ತಟಕ್ಕನೆ ನಿಲ್ಲಿಸಿದಳು.

“ಸಾ, ಈ ಪ್ಯಾರಾ ನಾನ್ ಬರ್ದಿದ್ದಲ್ಲ ಅನ್ಸ್ತದೆ.”

“ಮತ್ಯಾರು ಬರೆದರು?”

“ಕೈಯೇನೋ ನಂದೇ. ಮಾತು ಯಾವ್ದೋ ಗೈಡ್‌ನೋರ್ದು. ನಮ್ಮೂರ್ ಎಂಗಸ್ರು ಇದ್ನ ಕೇಳುದ್ರೆ ಓಡಿಸ್ಕೊಂಡ್ ಬತ್ತಾರೆ.”

ಅಂದು ಬಸ್ಸಿನಲ್ಲಿ ಮನೆಗೆ ಹೋಗುವಾಗ ನಾನು ಒಬ್ಬನೇ ನಕ್ಕೆ. ಪಕ್ಕದಲ್ಲಿ ಕೂತಿದ್ದವರು ಸ್ವಲ್ಪ ಸರಿದು ಕೂತರು.

ಈಗ ನನ್ನ ಅಪರಾಧಕ್ಕೆ ಬರುತ್ತೇನೆ. ತರಗತಿಯಲ್ಲಿ ನಾನು ಪ್ರತಿ ವರ್ಷ ಕಲಿಸುತ್ತಿದ್ದ ಮೊದಲ ಪಾಠ ಇದು: ಯಾರನ್ನಾದರೂ ವಿರೋಧಿಸುವ ಮೊದಲು ಅವರ ವಾದವನ್ನು ನೀವೇ ಬರೆಯಿರಿ. ಅವರು ಬರೆದದ್ದಕ್ಕಿಂತ ಚೆನ್ನಾಗಿ ಬರೆಯಿರಿ. ಓದಿದ ಎದುರಾಳಿ “ನಾನು ಹೇಳಬೇಕೆಂದಿದ್ದುದು ಇದೇ” ಎಂದು ತಲೆದೂಗಬೇಕು. ಅಷ್ಟಾದ ಮೇಲೆ ಎರಡನೆಯ ಹಾಳೆ ತೆಗೆದುಕೊಂಡು ನಿಮ್ಮ ಉತ್ತರ ಬರೆಯಿರಿ. ಮೊದಲನೆಯದಕ್ಕೆ ವಿದ್ಯಾರ್ಥಿಗಳು ಇಟ್ಟ ಹೆಸರು ‘ಎದುರು ಪಕ್ಷದ ಹಾಳೆ’. ಎದುರು ಪಕ್ಷದ ಹಾಳೆ ಇಲ್ಲದೆ ಬಂದ ಪ್ರಬಂಧವನ್ನು ನಾನು ಮುಟ್ಟುತ್ತಿರಲಿಲ್ಲ.

ಕಚೇರಿಯಲ್ಲಿ ಇನ್ನೊಂದು ಪದ್ಧತಿಯಿತ್ತು. ವಿದ್ಯಾವಿಷಯಕ ಪರಿಷತ್ತಿನ ಮುಂದೆ ಹೋಗುವ ಪ್ರತಿಯೊಂದು ಟಿಪ್ಪಣಿಯೂ ಮೊದಲು ನನ್ನ ಬಳಿ ಬರಬೇಕು, ನಾನು ಅದನ್ನು ಓದಿದರೆ ಅರ್ಥವಾಗುವಂತೆ ತಿದ್ದಿ ಕಳಿಸಬೇಕು. ಈ ನಿಯಮವನ್ನು ಮಾಡಿಸಿದವನು ನಾನೇ. ಹೋರಾಡಿ ಮಾಡಿಸಿದ್ದೆ.

ನಿವೃತ್ತಿಗೆ ಐದು ತಿಂಗಳಿದ್ದಾಗ ಒಂದು ಸೋಮವಾರ ಕಚೇರಿಯ ಸೂಪರಿಂಟೆಂಡೆಂಟ್ ಒಂದು ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು, ಬಾಗಿಲಲ್ಲೇ ನಿಂತರು. ನಿಡಘಟ್ಟದವರು, ಅರ್ಧ ಎಕರೆ ಬಾಳೆಯನ್ನೂ ಪೂರ್ತಿ ಕಚೇರಿಯನ್ನೂ ಒಬ್ಬರೇ ನೋಡಿಕೊಳ್ಳುತ್ತಿದ್ದವರು. ಸಾಮಾನ್ಯವಾಗಿ ಬಾಗಿಲಲ್ಲಿ ನಿಲ್ಲುವ ಮನುಷ್ಯರಲ್ಲ.

“ಸಾ, ಬೇಜಾರ್ ಮಾಡ್ಕೋಬೇಡಿ. ನಿಮ್ ವಿಭಾಗ ಮುಚ್ಚೋ ಟಿಪ್ಪಣಿ.”

“ನನಗ್ಯಾಕೆ ತಂದಿರಿ?”

“ಎಲ್ಲಾ ಟಿಪ್ಪಣಿನೂ ನಿಮ್ಗೇ ತರ್ಬೇಕಲ್ಲ ಸಾ. ನಿಯಮ.”

ಓದಿದೆ. ಎರಡು ಪುಟ. ವಿಭಾಗವನ್ನು ಮುಚ್ಚಬೇಕೋ, ಬೇರೆ ವಿಭಾಗಕ್ಕೆ ಸೇರಿಸಬೇಕೋ, ಕೋಣೆ ಮಾತ್ರ ಬೇಕೋ ಒಂದೂ ತಿಳಿಯುವಂತಿರಲಿಲ್ಲ. ಕಾರಣವೆಂಬುದು ಯಾವ ಸಾಲಿನಲ್ಲಿಯೂ ಸಿಗಲಿಲ್ಲ. ಸೂಪರಿಂಟೆಂಡೆಂಟ್ ನನ್ನ ಮುಖ ನೋಡಿ, ಕುರ್ಚಿ ಎಳೆದುಕೊಂಡು ಕೂತು, ದನಿ ತಗ್ಗಿಸಿದರು.

“ಸಾ, ನಾನೇ ಬರ್ದಿರೋದು, ಬೇಕಂತಲೇ ಅಂಗೆ ಬರ್ದಿದ್ದೀನಿ. ಒಂದಕ್ಷರಾನೂ ಮುಟ್ಬೇಡಿ, ಹಂಗೇ ಬುಡಿ. ಪರಿಷತ್ನೋರ್ಗೆ ಅರ್ಥ ಆಗ್ದೇ ಇದ್ರೆ ಏನ್ ಮಾಡ್ತಾರೆ? ಮುಂದಿನ ಸಭೆಗೆ ತಳ್ತಾರೆ. ಮುಂದಿನ ಸಭೆ ಆರು ತಿಂಗ್ಳಿಗೆ. ನಿಮ್ಗೆ ಇರೋದೇ ಐದು. ನೀವು ಹಾರ ಹಾಕಿಸ್ಕೊಂಡ್ ಹೋದ್ಮೇಲೆ ಅವ್ರು ಏನಾರಾ ಮಾಡ್ಕೊಳ್ಳಿ.”

ಅವರು ಆವತ್ತು ನನಗೆ ಮಾಡಿದಷ್ಟು ಉಪಕಾರವನ್ನು ಇಡೀ ವೃತ್ತಿಯಲ್ಲಿ ಇನ್ಯಾರೂ ಮಾಡಿಲ್ಲ. ಕಾಫಿ ತರಿಸಿದೆ. ಮುಟ್ಟುವುದಿಲ್ಲ ಎಂದು ಮಾತು ಕೊಟ್ಟೆ.

ಮಾತು ಉಳಿಸಿಕೊಳ್ಳುವ ಉದ್ದೇಶ ನಿಜವಾಗಿಯೂ ಇತ್ತು. ಆದರೆ ಅವರು ಹೋದ ಮೇಲೆ ಅಹಂಕಾರವೊಂದು ಎದ್ದು ಕೂತಿತು. ವಾದ ಮಾಡುವುದನ್ನು ಕಲಿಸಿದವನು ಗೊಂದಲದ ಸೆರಗಿನ ಹಿಂದೆ ಬಚ್ಚಿಟ್ಟುಕೊಳ್ಳುವುದೇ? ಸಭೆಯಲ್ಲಿ ಎದ್ದು ನಿಂತು ಗೆಲ್ಲುತ್ತೇನೆ. ಪದ್ಧತಿ ಗೊತ್ತೇ ಇದೆ: ಮೊದಲು ಎದುರು ಪಕ್ಷದ ಹಾಳೆ, ಆಮೇಲೆ ಉತ್ತರ. ಅವರ ಟಿಪ್ಪಣಿಯನ್ನು ನಾನೇ ಸರಿಯಾಗಿ ಬರೆದು ಕಳಿಸುತ್ತೇನೆ, ಅದರ ಜೊತೆಗೆ ನನ್ನ ಎರಡನೆಯ ಹಾಳೆಯನ್ನೂ ಇಡುತ್ತೇನೆ.

ಬರೆದೆ. ಮೂವತ್ತೊಂದು ವರ್ಷದಲ್ಲಿ ಅಷ್ಟು ಸಲೀಸಾಗಿ ನಾನು ಬರೆದದ್ದಿಲ್ಲ. ವಿಭಾಗದ ಒಳಗಿನ ವಿಚಾರ ಬೇರೆ ಯಾರಿಗೆ ಗೊತ್ತಿತ್ತು? ಮಧ್ಯಾಹ್ನಗಳು ಖಾಲಿ ಎಂಬುದು ಗೊತ್ತಿದ್ದದ್ದು ನನಗೆ. ಬಂದವರಲ್ಲಿ ಹೆಚ್ಚಿನವರು ಹಾಜರಿಯ ರುಜುವಿಗೆ ಬಂದವರು ಎಂಬುದೂ ನನಗೇ ಗೊತ್ತಿತ್ತು. ಅತಿಥಿ ಉಪನ್ಯಾಸಕರು ಹೋದ ಜಾಗಕ್ಕೆ ಬೇರೆಯವರನ್ನು ನಾನೇ ಕೇಳಲಿಲ್ಲ ಎಂಬುದನ್ನೂ ಬರೆದೆ. ಕೇಳದಿದ್ದದ್ದಕ್ಕೆ ಕಾರಣ ಸೋಮಾರಿತನವಲ್ಲ, ಅವರು ಬಂದರೆ ವಿದ್ಯಾರ್ಥಿಗಳು ಅವರ ಬಳಿ ಹೋಗುತ್ತಾರೆ ಎಂಬ ಭಯ. ಅದನ್ನು ಮಾತ್ರ ಬರೆಯಲಿಲ್ಲ. ಬರೆಯದೆಯೂ ವಾದ ಸಾಕಷ್ಟು ಗಟ್ಟಿಯಾಗಿತ್ತು.

ಎರಡನೆಯ ಹಾಳೆ ತೆಗೆದುಕೊಂಡೆ. ತಾರೀಕು ಬರೆದೆ, ವಿಷಯ ಎಂದು ಬರೆದೆ. ಮೊದಲನೆಯ ಹಾಳೆಯನ್ನು ಮತ್ತೆ ಓದಿ ನೋಡಿದೆ. ಅದರಲ್ಲಿ ಎಲ್ಲಿ ಹಿಡಿಯಬೇಕೋ ತಿಳಿಯಲಿಲ್ಲ. ಮಂಗಳವಾರ ಹಿಡಿಯೋಣವೆಂದುಕೊಂಡೆ, ಆಗಲಿಲ್ಲ. ಬುಧವಾರವೂ ಆಗಲಿಲ್ಲ. ಗುರುವಾರ ಬೆಳಿಗ್ಗೆ ನನಗೆ ನಿಜ ಹೊಳೆಯಿತು. ಇಷ್ಟು ವರ್ಷ ಒಪ್ಪಿಸುವ ವಿದ್ಯೆ ಕಲಿಸಿದವನು ಕೊನೆಗೂ ಒಬ್ಬನನ್ನು ಪೂರ್ತಿಯಾಗಿ, ಯಾವ ಸಂಶಯಕ್ಕೂ ಎಡೆಯಿಲ್ಲದಂತೆ ಒಪ್ಪಿಸಿದ್ದೆ. ಆ ಒಬ್ಬ ನಾನೇ.

ಒಂದೇ ಹಾಳೆಯನ್ನು ಸೂಪರಿಂಟೆಂಡೆಂಟರ ಮೇಜಿನ ಮೇಲೆ ಇಟ್ಟೆ. ಅವರು ಓದಿ, ಕನ್ನಡಕ ತೆಗೆದರು.

“ಏನ್ ಸಾ ಇದು? ಮುಟ್ಟಲ್ಲ ಅಂದಿದ್ರಿ.”

“ಸರಿಯಾಗಿದೆಯಲ್ಲ?”

“ಸರಿಯಾಗೈತೆ, ಅದೇ ತೊಂದ್ರೆ. ಇದ್ನ ಓದಿದ್ರೆ ನಾನೇ ಬೀಗ ತಕ್ಕೊಂಡ್ ಬಂದ್ಬುಡ್ತೀನಿ. ಅಲ್ಲ, ಹಳೇದ್ನೇ ಕಳಿಸ್ಲಾ?”

ಕಳಿಸಿ ಎಂದಿದ್ದರೆ ಕಳಿಸುತ್ತಿದ್ದರು. ಬಾಯಿ ತೆರೆದೆ. “ಇದೇ ಇರಲಿ” ಎಂದಿತು ಬಾಯಿ.

ಸಭೆಯಲ್ಲಿ ಆ ವಿಷಯಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ. ಹಿರಿಯ ಸದಸ್ಯರೊಬ್ಬರು, “ಇಷ್ಟು ಸ್ಪಷ್ಟವಾದ ಟಿಪ್ಪಣಿಯನ್ನು ಈ ಪರಿಷತ್ತಿನಲ್ಲಿ ನಾನು ನೋಡೇ ಇಲ್ಲ, ಬರೆದವರಿಗೆ ಅಭಿನಂದನೆ” ಎಂದರು. ಅಭಿನಂದನೆ ನಡಾವಳಿಯಲ್ಲಿ ದಾಖಲಾಯಿತು. ಅಧ್ಯಕ್ಷರು ನನ್ನ ಕಡೆ ತಿರುಗಿ, “ನಿಮ್ಮದು ಏನಾದರೂ ಹೇಳುವುದಿದೆಯೇ?” ಎಂದು ಕೇಳಿದರು. ಸೌಜನ್ಯದಿಂದಲೇ ಕೇಳಿದರು, ಉತ್ತರಕ್ಕೆ ಕಾದರು ಕೂಡ. “ಏನಿಲ್ಲ ಸಾರ್” ಅಂದೆ. ಗೋಡಂಬಿ ಬಿಸ್ಕತ್ತು ಬಂತು. ಮುಂದಿನ ವಿಷಯ ಸೈಕಲ್ ನಿಲ್ದಾಣದ ಶೀಟಿನದು, ಅದಕ್ಕೆ ಮುಕ್ಕಾಲು ಗಂಟೆ ಚರ್ಚೆಯಾಯಿತು.

ಮುಂದಿನ ವಾರ ಕೋಣೆಗೆ ಉತ್ತರ ಪತ್ರಿಕೆಗಳ ಕಟ್ಟುಗಳು ಬಂದವು. ನನಗೆ ಗ್ರಂಥಾಲಯದ ಮೂಲೆಯಲ್ಲಿ ಒಂದು ಜಾಗ ಕೊಟ್ಟರು. ಅಲ್ಲಿ ‘ನಿಶ್ಶಬ್ದ’ ಎಂಬ ಫಲಕವಿತ್ತು. ಮಂಗಳವಾರ ಎರಡು ಗಂಟೆಗೆ ಹಲಗೂರಿನ ಹುಡುಗಿ ನನ್ನನ್ನು ಹುಡುಕಿಕೊಂಡು ಬಂದಳು. ಗ್ರಂಥಪಾಲಕರು ನಮ್ಮನ್ನು ಒಮ್ಮೆ ನೋಡಿದ ಮೇಲೆ ಇಬ್ಬರೂ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತೆವು.

“ಇನ್ನು ಎಲ್ಲಿ ಸಾ ಓದೋದು?”

“ಮೊಬೈಲಿಗೆ ಕೊಡು. ನನಗಿಂತ ಬೇಗ ತಿದ್ದುತ್ತೆ.”

“ತಿದ್ದುತ್ತೆ ಸಾ. ನಂಗೂ ಗೊತ್ತು, ತಿದ್ಸಿಯೂ ಇದ್ದೀನಿ.” ಹಾಳೆಗಳನ್ನು ಮಡಿಸುತ್ತ ಹೇಳಿದಳು. “ಆದ್ರೆ ನಾನ್ ಓದೋವಾಗ ಅದೇನ್ ಎದ್ರುಗ್ ಕೂತಿರ್ತದಾ? ನೀವು ‘ಯಾಕೆ’ ಅಂತೀರಲ್ಲ, ಆಗ ನಂಗೆ ಮೈಯೆಲ್ಲಾ ಉರೀತದೆ. ಆ ಉರಿಗೇ ಸಾ ನಾನು ಬರಿಯೋದು. ನಮ್ಮನೇಲಿ ನನ್ನ ಯಾರೂ ಯಾಕೆ ಅಂತ ಕೇಳಲ್ಲ. ಬೇಡ ಅಂತಾರೆ, ಇಲ್ಲಾ ಆಯ್ತು ಅಂತಾರೆ.”

ಬಸ್ಸಿಗೆ ಹೊತ್ತಾಯಿತೆಂದು ಅವಳು ಹೊರಟುಹೋದಳು. ನಾನು ಮೆಟ್ಟಿಲ ಮೇಲೇ ಕೂತೆ. ಎರಡನೆಯ ಹಾಳೆಯಲ್ಲಿ ಇರಬೇಕಾಗಿದ್ದದ್ದು ಅಷ್ಟೇ. ಮೂರು ದಿನ ಪೆನ್ನು ಹಿಡಿದು ಕೂತ ನಿರ್ದೇಶಕನಿಗೆ ಸಿಗದಿದ್ದದ್ದನ್ನು ಅವಳು ಬಸ್ಸಿಗೆ ಮುಂಚೆ ಹೇಳಿ ಮುಗಿಸಿದ್ದಳು. ಅವಳನ್ನು ಒಂದು ಮಾತು ಕೇಳಬೇಕೆಂದು, ಉತ್ತರ ಹೊಳೆಯದೆ ಕೂತಿದ್ದ ಆ ಮಂಗಳವಾರ ನನಗೆ ತೋಚಿರಲೇ ಇಲ್ಲ. ಅವಳು ಅಂದೂ ಬಂದಿದ್ದಳು. ಎಂದಿನಂತೆ ಓದಿದಳು, ಎಂದಿನಂತೆ ನಾನು ಕೇಳಿಸಿಕೊಂಡೆ. ನನ್ನ ಗಮನವೆಲ್ಲ ಮೇಜಿನ ಖಾನೆಯೊಳಗಿದ್ದ ಹಾಳೆಯ ಮೇಲಿತ್ತು.

ಅವಳು ಹೇಳಿದ್ದನ್ನು ನನ್ನ ಮಾತಿನಲ್ಲಿ, ಆದಷ್ಟು ಅವಳ ಮಾತನ್ನು ಕೆಡಿಸದೆ, ಒಂದು ಪುಟ ಬರೆದೆ. ಚೆನ್ನಾಗಿ ಬಂತು. ಶುಕ್ರವಾರ ಸೂಪರಿಂಟೆಂಡೆಂಟರ ಬಳಿ ತೆಗೆದುಕೊಂಡು ಹೋದೆ. ಪರಿಷತ್ತಿನ ನಿರ್ಣಯಕ್ಕೆ ಆಗಲೇ ಮೊಹರು ಬಿದ್ದಿತ್ತು. ಮರುಪರಿಶೀಲನೆಗೆ ಅವಕಾಶವಿಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು. ಅವರು ಹಳೆಯ ಫೈಲನ್ನು ಬೀರುವಿನಿಂದ ತೆಗೆದು, ದಾರ ಬಿಚ್ಚಿ, ನನ್ನ ಹಾಳೆಗೆ ಎರಡು ತೂತು ಹೊಡೆದರು. ಆಮೇಲೆ ಅದನ್ನು ಕೈಯಲ್ಲಿ ಹಿಡಿದುಕೊಂಡೇ ತಲೆಯೆತ್ತಿದರು.

“ಓದ್ಬೇಕಾ ಸಾ, ಇಲ್ಲಾ ಸೇರ್ಸುದ್ರೆ ಸಾಕಾ?”

ಹೊರಗೆ ಯಾರೋ ಅವರನ್ನು ಕರೆಯುತ್ತಿದ್ದರು. ಸಂಬಳದ ಬಿಲ್ಲಿನ ದಿನ.

“ಸೇರಿಸಿದರೆ ಸಾಕು” ಅಂದೆ.