ಆಂಟಿ ಕಿವಿಯಲ್ಲಿ ಓದಿದ ಕೈಪಿಡಿ

ಕಳೆದ ವಾರ ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ಹೋಗುತ್ತಿದ್ದಾಗ ಹಿಟ್ಟಿನ ಮಿಲ್ಲಿನ ವಾಸನೆ ಮೂಗಿಗೆ ಬಡಿಯಿತು. ಆಗಷ್ಟೇ ಬೀಸಿದ ರಾಗಿಯ ಬಿಸಿ ಬಿಸಿ ಪರಿಮಳ, ಅದರ ಬೆನ್ನಿಗೇ ಒಣಮೆಣಸಿನಕಾಯಿಯ ಘಾಟು. ಜೋರಾಗಿ ಸೀನಿದೆ. ಸೀನಿದವನು ಅಲ್ಲೇ ನಿಂತುಬಿಟ್ಟೆ. ಮಹಡಿಯಿಂದ ಯಾರಾದರೂ “ನೂರು ವರ್ಷ ಕಣೋ” ಅನ್ನುತ್ತಾರೆಂದು ಕಾದೆನೇನೋ…

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಅದೇ ಚಾಮರಾಜಪೇಟೆಯಲ್ಲಿ ಅಂಥದೇ ಒಂದು ಮಿಲ್ಲಿನ ಮೇಲೆ ಬಾಡಿಗೆಗೆ ಇದ್ದೆ. ತಂತ್ರಾಂಶಗಳಿಗೆ ಕೈಪಿಡಿ ಬರೆಯುವ ಕೆಲಸ. ಎದುರು ಬಾಗಿಲಿನ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಆತ ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯೊಂದರಲ್ಲಿದ್ದರು. ಆಕೆ ಒಂದು ಕಚೇರಿಯ ಪಿಂಚಣಿ ವಿಭಾಗದಲ್ಲಿ ಗುಮಾಸ್ತೆ. ನಾನು ಆಂಟಿ ಎನ್ನುತ್ತಿದ್ದೆ. ನಲವತ್ತು ದಾಟುವ ಹೊತ್ತಿಗೆ ಅವರ ಕಣ್ಣು ಅಂಚಿನಿಂದ ಮಂಕಾಗುತ್ತ ಬಂದು, ನಾನು ನೋಡುವಾಗ ಬೆಳಕು ಯಾವುದು, ಕತ್ತಲೆ ಯಾವುದು ಎಂಬಷ್ಟೇ ಉಳಿದಿತ್ತು. ಆದರೂ ಕೆಲಸ ಬಿಟ್ಟಿರಲಿಲ್ಲ. ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ ಹಾಕಿಸಿಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಡತಗಳನ್ನು ನಡೆಸುತ್ತಿದ್ದರು.

ಒಂದು ಸಂಜೆ ಬಾಗಿಲು ತಟ್ಟಿದರು. ಕೈಯಲ್ಲೊಂದು ಪೆನ್‌ಡ್ರೈವ್.

“ನೀನು ಇಂಥದ್ದೇ ತಾನೆ ಬರಿಯೋದು? ಇದೇನು ಅಂತ ಸ್ವಲ್ಪ ನೋಡಪ್ಪ. ನನ್ನ ಕಂಪ್ಯೂಟರ್ರು ಹುಚ್ಚು ಹಿಡಿದ ಹಾಗೆ ಏನೇನೋ ಓದ್ತಿದೆ.”

ಕಚೇರಿಗೆ ಹೊಸ ತಂತ್ರಾಂಶ ಬಂದಿತ್ತು, ಹೊಸ ಅಧಿಕಾರಿಯೂ ಬಂದಿದ್ದರು. ಮುಂದಿನ ಸೋಮವಾರ ತಮ್ಮ ಎದುರಿಗೇ ಆಂಟಿ ಹೊಸದರಲ್ಲಿ ಕೆಲಸ ಮಾಡಿ ತೋರಿಸಬೇಕು, ಆಗದಿದ್ದರೆ ಟಪಾಲು ವಿಭಾಗದಲ್ಲಿ ಒಂದು ಕುರ್ಚಿ ಹಾಕಿಸಿಕೊಡುತ್ತೇನೆ ಎಂದಿದ್ದರು. ಆ ಕುರ್ಚಿಗೆ ಕೆಲಸವೇ ಇರಲಿಲ್ಲ.

“ಸುಮ್ನೆ ಕೂರಿಸಿ ಸಂಬಳ ಕೊಡ್ತಾರಂತೆ,” ಎಂದರು ಆಂಟಿ. “ಬೆಳಗ್ಗೆಯಿಂದ ಸಾಯಂಕಾಲದ ತನಕ ಕೈ ಕಟ್ಕೊಂಡು. ರಿಟೈರ್ ಆಗೋವರೆಗೂ. ಒಂದಿನ ಕೂತು ನೋಡು ನೀನು.”

ಪೆನ್‌ಡ್ರೈವ್‌ನಲ್ಲಿ ಇದ್ದದ್ದು ಆ ತಂತ್ರಾಂಶದ ಕೈಪಿಡಿಯೇ. ಆದರೆ ಅಚ್ಚಿಗೆ ಹೋಗುವ ಮುಂಚಿನ ಕಚ್ಚಾ ರೂಪ. ಎಲ್ಲಿ ಶೀರ್ಷಿಕೆ, ಎಲ್ಲಿ ದಪ್ಪಕ್ಷರ, ಎಲ್ಲಿ ಚಿತ್ರ ಎಂದು ಯಂತ್ರಕ್ಕೆ ತಿಳಿಸುವ ಚಿಹ್ನೆಗಳು ಪದಪದಕ್ಕೂ ಮೆತ್ತಿಕೊಂಡಿದ್ದವು. ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗಿಟ್ಟುಕೊಂಡು ಕೇಳಿದೆ. ಲೆಸ್ ದ್ಯಾನ್, ಸ್ಲ್ಯಾಶ್, ಬಿ, ಗ್ರೇಟರ್ ದ್ಯಾನ್… ಒಂದು ವಾಕ್ಯ ಮುಗಿಯುವಷ್ಟರಲ್ಲಿ ಮೊದಲ ಪದ ಮರೆತುಹೋಗುತ್ತಿತ್ತು. ಹಿಂದಿನ ರಾತ್ರಿಗಳೆಲ್ಲ ಆಂಟಿ ಇದನ್ನೇ ಕೇಳುತ್ತ ಕೂತಿದ್ದರಂತೆ.

ನಮ್ಮ ಆಫೀಸಿನಲ್ಲಿ ಇದಕ್ಕೊಂದು ಉಪಾಯವಿತ್ತು. ಕಂಪ್ಯೂಟರಿನಲ್ಲಿ ಆಜ್ಞೆ ಬರೆಯುವ ಕಪ್ಪು ಕಿಟಕಿಯೊಂದನ್ನು ತೆರೆದು, ಒಂದು ಸಾಲಿನ ಆಜ್ಞೆ ಮತ್ತು ಕಡತದ ಹೆಸರು ಟೈಪ್ ಮಾಡಿದರೆ ಸಾಕು, ಚಿಹ್ನೆಗಳೆಲ್ಲ ಉದುರಿ ಸಾದಾ ಪಠ್ಯ ಮಾತ್ರ ಉಳಿಯುತ್ತಿತ್ತು. ಮಾಡಿಕೊಟ್ಟೆ. ಆಂಟಿ ತಲೆ ತಗ್ಗಿಸಿ ಕೇಳಿದರು. ಭುಜ ನಿಧಾನವಾಗಿ ಸಡಿಲವಾಯಿತು.

“ಹಾಂ… ಈಗ ಮನುಷ್ಯರು ಮಾತಾಡಿದ ಹಾಗಾಯ್ತು.”

ಆ ನೆಮ್ಮದಿ ಹೆಚ್ಚು ಹೊತ್ತು ಉಳಿಯಲಿಲ್ಲ. ಸ್ವಲ್ಪ ಮುಂದೆ ಹೋಗುತ್ತಲೇ ಅವರ ಹುಬ್ಬು ಗಂಟಾಯಿತು. “ವಿವರ ತುಂಬಿದ ಮೇಲೆ ಅನ್ನು ಒತ್ತಿ ಅಂತಿದೆ. ಯಾವುದನ್ನು?” ಬಟನ್‌ಗಳ ಹೆಸರನ್ನು ಬರೆಯುವ ಬದಲು ಕೈಪಿಡಿ ಮಾಡಿದವರು ಅವುಗಳ ಚಿತ್ರ ಅಂಟಿಸಿದ್ದರು. ಚಿಹ್ನೆಗಳ ಜೊತೆ ಚಿತ್ರಗಳೂ ಉದುರಿಹೋಗಿದ್ದವು. ಪುಟಪುಟಕ್ಕೂ ಹಾಗೆ ತೂತುಗಳು. ಉಳಿಸಬೇಕೋ, ಅಳಿಸಬೇಕೋ ಎಂಬುದು ಆ ತೂತುಗಳಲ್ಲೇ ಇತ್ತು.

ಭಾನುವಾರ ಇಡೀ ದಿನ ನಾವಿಬ್ಬರೂ ಅವನ್ನು ತುಂಬುತ್ತ ಕೂತೆವು. ನಾನು ಮೂಲದಲ್ಲಿನ ಚಿತ್ರ ನೋಡಿ ಬಟನ್ನಿನ ಹೆಸರು ಟೈಪ್ ಮಾಡುವುದು, ಅವರು ಕೇಳಿ ಬಾಯಿಪಾಠ ಮಾಡುವುದು. ಕೆಳಗೆ ಮಿಲ್ಲು ಶುರುವಾದರೆ ನೆಲ ಅದುರುತ್ತಿತ್ತು, ಇಯರ್‌ಫೋನಿನ ದನಿ ಮುಳುಗಿಹೋಗುತ್ತಿತ್ತು. ಮೆಣಸಿನಕಾಯಿ ಹಾಕಿದರಂತೂ ಇಬ್ಬರಿಗೂ ಸೀನು. ಮೊದಮೊದಲು ನಾನು ಸೀನಿದಾಗಲೆಲ್ಲ “ನೂರು ವರ್ಷ ಕಣೋ” ಎಂದು ನಗುತ್ತಿದ್ದ ಆಂಟಿ ಮಧ್ಯಾಹ್ನದ ಮೇಲೆ ನಗುವುದನ್ನು ಬಿಟ್ಟರು. ಅವರ ಗಂಡ ಕಾಫಿ ತಂದಿಟ್ಟು ಹೋದರು. ಅದು ಆರಿ ಕೆನೆಗಟ್ಟಿತು.

ಸೋಮವಾರ ನಾನು ರಜೆ ಹಾಕಿ ಜೊತೆಗೆ ಹೋದೆ. ಆಂಟಿಯನ್ನು ಗಂಡ ಸ್ಕೂಟರಿನಲ್ಲಿ ಕರೆತಂದು ಗೇಟಿನ ಹತ್ತಿರವೇ ನಿಂತರು. ಅಧಿಕಾರಿ ನನಗೆ ಹಿಂದೆ ಒಂದು ಸ್ಟೂಲು ತೋರಿಸಿ, “ಕೂತ್ಕೊಳ್ಳಿ. ಆದ್ರೆ ಬಾಯಿ ಬಿಡೋ ಹಾಗಿಲ್ಲ,” ಎಂದರು. ಆಂಟಿಗೆ ಒಬ್ಬ ಪಿಂಚಣಿದಾರರ ನಿಜವಾದ ಕಡತವನ್ನೇ ಕೊಟ್ಟು, ವಿಳಾಸ ಬದಲಾಯಿಸಿ ತೋರಿಸಿ ಎಂದರು.

ಆಂಟಿಯ ಬೆರಳುಗಳು ಕೀಲಿಮಣೆಯ ಮೇಲೆ ಓಡಿದವು. ಹೆಸರು, ಸಂಖ್ಯೆ, ವಿಳಾಸ. ಒಂದೊಂದು ಹೆಜ್ಜೆಗೂ ಕಿವಿ ಕೊಟ್ಟು, ತಲೆಯಾಡಿಸಿ, ಮುಂದಿನದು. ನಾನು ಉಸಿರು ಬಿಡುವಷ್ಟರಲ್ಲಿ ಪರದೆಯ ನಡುವೆ ಒಂದು ಸಣ್ಣ ಪೆಟ್ಟಿಗೆ ಎದ್ದು ಬಂತು. ಈ ಸಂಖ್ಯೆಯ ಹಳೆಯ ದಾಖಲೆ ಇದೆ, ಅದನ್ನು ಅಳಿಸಿ ಮುಂದುವರಿಯಬೇಕೆ ಎಂಬ ಪ್ರಶ್ನೆ. ಹೌದು ಎಂಬುದರ ಮೇಲೆಯೇ ಗುರುತು ನಿಂತಿತ್ತು. ಎಂಟರ್ ಒತ್ತಿದರೆ ಅಳಿಸಿಹೋಗುತ್ತಿತ್ತು. ಆ ಪೆಟ್ಟಿಗೆಯ ಮಾತು ಕೈಪಿಡಿಯಲ್ಲೆಲ್ಲೂ ಇರಲಿಲ್ಲ. ಆಂಟಿಯ ತಂತ್ರಾಂಶವೂ ಅದನ್ನು ಓದಲಿಲ್ಲವೆಂದು ಅವರ ಮುಖ ನೋಡಿದಾಗ ಗೊತ್ತಾಯಿತು. ಅವರು ಕಾಯುತ್ತಿದ್ದರು. ಕಿವಿಯಲ್ಲಿ ಏನೂ ಬರುತ್ತಿರಲಿಲ್ಲ.

ಅಧಿಕಾರಿ ಪರದೆ ನೋಡದೆ ಗಡಿಯಾರ ನೋಡಿಕೊಂಡರು. “ಯಾಕೆ ನಿಂತ್ರಿ? ಎಂಟರ್ ಒತ್ತಿ ಮೇಡಂ, ಮುಂದಕ್ಕೆ ಹೋಗತ್ತೆ.”

ಬಾಯಿಬಿಟ್ಟರೆ ಪರೀಕ್ಷೆ ಅಲ್ಲಿಗೇ ಮುಗಿಯುತ್ತಿತ್ತು. ಬಿಡದಿದ್ದರೆ ಯಾವುದೋ ಮುದಿಜೀವದ ದಾಖಲೆ ಹೋಗುತ್ತಿತ್ತು. ಆಂಟಿಯ ಬೆರಳು ಎಂಟರ್ ಕೀಲಿಯ ಮೇಲೆ ಬಂದು ನಿಂತಿತು. ನಾನು ಸ್ಟೂಲಿನಿಂದ ಅರ್ಧ ಎದ್ದಿದ್ದೆ.

ಅಷ್ಟರಲ್ಲಿ ಆಂಟಿ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡರು.

“ಇದು ಮುಂದೆ ಹೋಗದೆ ಏನೋ ಪ್ರಶ್ನೆ ಹಾಕಿರೋ ಹಾಗಿದೆ ಸಾರ್. ನನಗೆ ಕೇಳಿಸ್ತಿಲ್ಲ. ಏನು ಅಂತ ಗೊತ್ತಾಗ್ದೆ ಒತ್ತಲ್ಲ.”

“ಟೈಮ್ ಆಗ್ತಿದೆ.”

“ಆಗ್ಲಿ ಸಾರ್. ಯಾರದೋ ಪಿಂಚಣಿ ಇದು. ಬೇಕಾದ್ರೆ ಆಗ್ಲಿಲ್ಲ ಅಂತ ಬರ್ಕೊಳ್ಳಿ.”

ಅಧಿಕಾರಿ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಆಮೇಲೆ ಆ ಪ್ರಶ್ನೆಯನ್ನು ಅಕ್ಷರ ಬಿಡದೆ ಗಟ್ಟಿಯಾಗಿ ಓದಿದರು. ಆಂಟಿ ಬೇಡವೆಂದು ಒತ್ತಿ, ಹಳೆಯ ದಾಖಲೆಯನ್ನೇ ತೆರೆದು ವಿಳಾಸ ತಿದ್ದಿದರು.

“ಸರಿ,” ಎಂದರು ಅಧಿಕಾರಿ. “ಇನ್ನೊಂದು ಮಾಡಿ.” ಆಮೇಲೆ ಮತ್ತೊಂದು. ಊಟದ ಹೊತ್ತಿನವರೆಗೂ ಬಿಡಲಿಲ್ಲ. ಕೊನೆಗೆ ಆಯಿತು ಎಂದೂ ಹೇಳಲಿಲ್ಲ, ಆಗಲಿಲ್ಲ ಎಂದೂ ಹೇಳಲಿಲ್ಲ. ಎದ್ದು ಹೋದರು.

ಗೇಟಿನಲ್ಲಿ ಗಂಡ “ಏನಾಯ್ತೇ?” ಎಂದು ಕೇಳಿದರು. ಆಂಟಿ ಸ್ಕೂಟರಿನ ಸೀಟು ತಡಕಿ ಹತ್ತಿ ಕೂತು, “ಮನೆಗೆ ನಡೀರಿ,” ಎಂದರು.

ಟಪಾಲು ವಿಭಾಗಕ್ಕೆ ವರ್ಗದ ಆದೇಶ ಬರುತ್ತದೇನೋ ಎಂದು ಆಂಟಿ ದಿನಾ ಕಾದರು. ಸಂಜೆ ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ನಾನು ಬಾಗಿಲು ತೆರೆಯುತ್ತಿದ್ದೆ. “ಇವತ್ತೂ ಬರ್ಲಿಲ್ಲ ಕಣೋ,” ಎನ್ನುತ್ತಿದ್ದರು. ಸಮಾಧಾನವೋ ಭಯವೋ, ಆ ದನಿಯಲ್ಲಿ ತಿಳಿಯುತ್ತಿರಲಿಲ್ಲ. ವರ್ಗದ ಆದೇಶ ಬರಲೇ ಇಲ್ಲ. ಅದೇ ಪಿಂಚಣಿ ವಿಭಾಗದಿಂದಲೇ ಅವರು ನಿವೃತ್ತರಾದರು. ಆ ಹೊತ್ತಿಗೆ ಒಂದು ಸಾಲಿನ ಆ ಆಜ್ಞೆಯನ್ನು ತಾವೇ ಕಲಿತಿದ್ದರು. ಕೈಪಿಡಿ ಬದಲಾದಾಗಲೆಲ್ಲ ಸಾದಾ ಪಠ್ಯ ಮಾಡಿಕೊಂಡು, ಮೂಲವನ್ನು ನನಗೆ ಕಳಿಸಿ, ತೂತುಗಳಲ್ಲಿ ಏನಿದೆ ಎಂದು ಕಚೇರಿಯಿಂದಲೇ ಫೋನಿನಲ್ಲಿ ನನ್ನನ್ನು ಕೇಳುತ್ತಿದ್ದರು. ನಾನು ಮಲ್ಲೇಶ್ವರಕ್ಕೆ ಮನೆ ಬದಲಾಯಿಸಿದ ಮೇಲೆ ಫೋನೂ ಕಡಿಮೆಯಾಯಿತು…

ಹೋದ ವರ್ಷ ಅವರ ಗಂಡ ಫೋನ್ ಮಾಡಿದರು. “ನಿಮ್ಮ ಆಂಟಿ ಹೋಗ್ಬಿಟ್ಲು ಕಣಪ್ಪ,” ಎಂದರು. ಹೋಗಿ ಬಂದೆ.

ನಿನ್ನೆ ಆಫೀಸಿನಲ್ಲಿ ಸಹೋದ್ಯೋಗಿಯೊಬ್ಬಳು, “ನಮ್ಮ ಹೊಸ ಕೈಪಿಡೀನ ಕಣ್ಣು ಕಾಣದೇ ಇರೋರೊಬ್ರು ಕೇಳಿ ನೋಡಿದ್ರೆ ಒಳ್ಳೇದಿತ್ತು. ನಿಮಗೆ ಯಾರಾದ್ರೂ ಗೊತ್ತಾ?” ಎಂದಳು.

“ಗೊತ್ತು, ಚಾಮರಾಜಪೇಟೆಯಲ್ಲಿ ಒಬ್ರಿದಾರೆ,” ಎಂದೆ.

ಅವಳು ನಂಬರ್ ಬರೆದುಕೊಳ್ಳಲು ಪೆನ್ನು ತೆಗೆದಳು. “ಇದ್ರು,” ಎಂದು ತಿದ್ದಿಕೊಂಡೆ.